ಕೆರೆಯ ಮೇಲ್ಭಾಗದಲ್ಲಿ ಬಡಾವಣೆ ಬರುವಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಊರು ಹಾಸನ ನಗರಕ್ಕೆ ಹತ್ತಿರದಲ್ಲಿದೆ. ಊರ ಕೆರೆಯ ಮೇಲ್ಭಾಗದಲ್ಲಿ ರಾಗಿ, ಆಲೂಗೆಡ್ಡೆ ಬೆಳೆಯುತ್ತಿದ್ದ ಸುಮಾರು 40 ಎಕರೆ ಹೊಲವನ್ನು ಖಾಸಗಿಯವರು ಖರೀದಿಸಿ ವಸತಿ ಬಡಾವಣೆ ಮಾಡಲು ಹೊರಟಿದ್ದಾರೆ. ಆಗಲೇ ಜೆಸಿಬಿ ಬಂದು ಬದುಗಳನ್ನು ಸಮ ಮಾಡುತ್ತಿದೆ. ಊರಿನ ಬಹುಪಾಲು ಮಂದಿ ಸಹಿ ಹಾಕಿದ ಅರ್ಜಿಯ ಪ್ರತಿಯನ್ನು ಇದರೊಂದಿಗೆ ಕಳುಹಿಸಿದ್ದೇವೆ. ಇದನ್ನು ಯಾರಿಗೆ ಕೊಡಬೇಕು? ಗ್ರಾಮ ಸಭೆಯಲ್ಲಿ ಬೇಡವೆಂದು ನಿರ್ಣಯವಾದರೆ ಕೆಲಸ ನಿಲ್ಲುತ್ತದೆಯೇ? ಸಾರ್ವಜನಿಕ ಅಹವಾಲು ಸಭೆ ನಡೆಸಲೇಬೇಕೆಂದು ಕೆಲವರು ಹೇಳುತ್ತಾರೆ, ಅದು ನಿಜವೇ?
(ಹಾಸನ ತಾಲ್ಲೂಕಿನ ಓದುಗರು)

ಉತ್ತರ: ಕೊನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅಹವಾಲು ಸಭೆಗಾಗಿ ಕಾಯುತ್ತಾ ಕುಳಿತರೆ ನೀವು ಅಮೂಲ್ಯವಾದ ವಾರಗಳನ್ನು ಕಳೆದುಕೊಳ್ಳುತ್ತೀರಿ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ನಿರ್ಮಿತ ವಿಸ್ತೀರ್ಣವಿರುವ ಕಟ್ಟಡ ಯೋಜನೆಗಳಿಗೆ ಮತ್ತು 50 ಹೆಕ್ಟೇರ್‌ಗೆ ಕಡಿಮೆಯಿಲ್ಲದ ಬಡಾವಣೆ ಅಥವಾ ಟೌನ್‌ಶಿಪ್‌ಗಳಿಗೆ ಮುಂಚಿತವಾದ ಪರಿಸರ ಅನುಮತಿ ಬೇಕು. ನಿಮ್ಮ 40 ಎಕರೆ ಎಂದರೆ ಸುಮಾರು 16 ಹೆಕ್ಟೇರ್. ನಿವೇಶನಗಳನ್ನು ಮಾತ್ರ ಮಾಡಿ ಮಾರುವ ಯೋಜನೆಯಾಗಿದ್ದರೆ ಅದು ಈ ಅನುಮತಿಯ ವ್ಯಾಪ್ತಿಗೆ ಬರುವುದೇ ಇಲ್ಲ. ಒಂದು ವೇಳೆ ಬಂದರೂ, ಕಟ್ಟಡ ಮತ್ತು ಬಡಾವಣೆ ಯೋಜನೆಗಳನ್ನು ಸಾರ್ವಜನಿಕ ಸಮಾಲೋಚನೆಯಿಂದ ಅದೇ ಅಧಿಸೂಚನೆ ಹೊರಗಿಟ್ಟಿದೆ. ಇದು ಸರಿಯೆಂದು ನಾನು ಒಪ್ಪುವುದಿಲ್ಲ. ಒಂದು ಊರಿನ ನೀರಿನ ಹರಿವನ್ನೇ ಬದಲಿಸುವ ಕೆಲಸಕ್ಕೆ ಆ ಊರಿನ ಮಾತನ್ನು ಕೇಳಲೇಬೇಕು. ಆದರೆ ಈಗಿರುವ ನಿಯಮ ಹೀಗಿರುವುದರಿಂದ ನಿಮ್ಮ ಮಾತನ್ನು ಹೇಳಬೇಕಾದ ಜಾಗ ಬೇರೆ.

ಆ ಜಾಗವನ್ನು ತಿಳಿಯಲು ಮೊದಲು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಿ, ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಈ ಸರ್ವೆ ನಂಬರುಗಳು ಯಾವ ವಲಯದಲ್ಲಿವೆ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಕೃಷಿ ವಲಯದಲ್ಲಿದ್ದರೆ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಪ್ರಕರಣದಂತೆ ಭೂ ಉಪಯೋಗ ಬದಲಾವಣೆ ಆಗದೆ ಅಲ್ಲಿ ಬಡಾವಣೆಗೆ ಅನುಮೋದನೆ ಸಿಗುವಂತಿಲ್ಲ. ಆ ಬದಲಾವಣೆಯ ಪ್ರಸ್ತಾವವನ್ನು ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಬೇಕೆಂದು ಕಾಯ್ದೆಯೇ ಹೇಳುತ್ತದೆ. ಪ್ರಕಟಣೆ ಸಾಮಾನ್ಯವಾಗಿ ಒಳಪುಟದ ಮೂಲೆಯಲ್ಲಿ ಚಿಕ್ಕ ಅಕ್ಷರಗಳಲ್ಲಿರುತ್ತದೆ ಮತ್ತು ಅದರಲ್ಲಿ ಊರಿನ ಹೆಸರಿಗಿಂತ ಸರ್ವೆ ನಂಬರುಗಳೇ ಎದ್ದು ಕಾಣುತ್ತವೆ. ಹೀಗಾಗಿ ಯಾರಾದರೊಬ್ಬರು ಪ್ರತಿದಿನ ಅದನ್ನು ಹುಡುಕುವ ಹೊಣೆ ಹೊರಬೇಕು. ಅದರಲ್ಲಿ ನಮೂದಿಸಿದ ದಿನದೊಳಗೆ ಪ್ರಾಧಿಕಾರದ ಆಯುಕ್ತರಿಗೆ ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಜಿಲ್ಲಾಧಿಕಾರಿಗಳಿಗೆ ಮತ್ತು ತಹಶೀಲ್ದಾರರಿಗೆ ಪ್ರತಿ ಕೊಡಿ.

ನಕ್ಷೆಯಲ್ಲಿ ಆ ಜಮೀನು ಆಗಲೇ ಹಳದಿ ಬಣ್ಣದಲ್ಲಿ, ಅಂದರೆ ವಸತಿ ವಲಯದಲ್ಲಿ ಇದ್ದರೆ ನಿಮ್ಮ ಹಾದಿ ಕಿರಿದಾಗುತ್ತದೆ. ಅಂತಹ ಜಮೀನಿಗೆ ಭೂ ಕಂದಾಯ ಕಾಯ್ದೆಯ 95ನೇ ಪ್ರಕರಣದ ಅನ್ಯಕ್ರಾಂತ, ಅಂದರೆ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸುವ ಅನುಮತಿ, ಈಗ ಪ್ರಮಾಣಪತ್ರದ (ಅಫಿಡವಿಟ್) ಆಧಾರದ ಮೇಲೆ ಬಹು ಬೇಗ ಆಗುತ್ತದೆ. ಮಹಾಯೋಜನೆ ಸಿದ್ಧವಾಗುವಾಗ 60 ದಿನಗಳ ಕಾಲ ಸಾರ್ವಜನಿಕರ ಅಭಿಪ್ರಾಯಕ್ಕೆ ತೆರೆದಿಡಬೇಕು ಮತ್ತು 10 ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಬೇಕು ಎಂಬ ನಿಯಮವಿದ್ದರೂ, ಆ ಅವಧಿಯಲ್ಲಿ ಹಳ್ಳಿಗಳಿಂದ ಬರುವ ಆಕ್ಷೇಪಣೆಗಳು ತೀರಾ ವಿರಳ. ಊರಿನ ಹೊಲದ ಬಣ್ಣ ನಕ್ಷೆಯಲ್ಲಿ ಬದಲಾದದ್ದು ಜೆಸಿಬಿ ಬಂದ ಮೇಲೆ ಗೊತ್ತಾಗುವುದು ದೊಡ್ಡ ಅನ್ಯಾಯ. ಆಗಲೂ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಪ್ರಕರಣದ ಬಡಾವಣೆ ನಕ್ಷೆ ಅನುಮೋದನೆಯ ಹಂತ ಉಳಿದಿರುತ್ತದೆ. ಅಲ್ಲಿ ಬಡಾವಣೆಯನ್ನೇ ತಡೆಯುವುದು ಕಷ್ಟವಾದರೂ, ಕಾಲುವೆ, ದಾರಿ ಮತ್ತು ಕೆರೆಯ ಅಂಚಿನ ಜಾಗವನ್ನು ಬಿಡಿಸಿಕೊಳ್ಳಬಹುದು.

ಇನ್ನು ನಿಮ್ಮ ಅರ್ಜಿ. ಅದರಲ್ಲಿ ಒಂದೂವರೆ ಪುಟ ‘ಹೊರಗಿನವರು ಬಂದು ಊರಿನ ನೆಮ್ಮದಿ ಕೆಡುತ್ತದೆ’ ಎಂಬ ವಿಷಯಕ್ಕೇ ಹೋಗಿದೆ. ದಯವಿಟ್ಟು ಅದನ್ನು ಪೂರ್ತಿಯಾಗಿ ತೆಗೆದುಹಾಕಿ. ಕಾನೂನಿನ ಮುಂದೆ ಅದು ನಿಲ್ಲುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ನಿವೇಶನಗಳಿಗೆ ಬರುವವರಲ್ಲಿ ಅರಕಲಗೂಡು, ಆಲೂರು, ಹೊಳೆನರಸೀಪುರದ ಹಳ್ಳಿಗಳಿಂದ ಕೆಲಸಕ್ಕೆಂದು ಹಾಸನಕ್ಕೆ ಬಂದು ಬಾಡಿಗೆ ಮನೆಯಲ್ಲಿ ವರ್ಷಗಳನ್ನು ಕಳೆದ ನಮ್ಮಂಥವರೇ ಇರುತ್ತಾರೆ. ಅವರಿಗೂ ಮನೆ ಬೇಕು. ನಿಮ್ಮ ಆಕ್ಷೇಪಣೆ ಜನರ ಮೇಲಲ್ಲ, ಜಾಗದ ಮೇಲೆ ಎಂಬುದು ಮೊದಲ ಸಾಲಿನಿಂದಲೇ ಸ್ಪಷ್ಟವಾಗಿರಬೇಕು.

ಅರ್ಜಿಯ ಹೃದಯವಾಗಬೇಕಾದದ್ದು ನೀವು ಕೊನೆಯಲ್ಲಿ ಎರಡೇ ಸಾಲಿನಲ್ಲಿ ಹೇಳಿ ಮುಗಿಸಿರುವ ಕೆರೆಯ ಮಾತು. ಆ 40 ಎಕರೆಯ ಮೇಲೆ 25 ಮಿಲಿಮೀಟರ್‌ನ ಒಂದು ಮಳೆ ಬಿದ್ದರೆ ಸುರಿಯುವ ನೀರು ಸುಮಾರು 40 ಲಕ್ಷ ಲೀಟರ್. ಉತ್ತ ಹೊಲ ಅದರಲ್ಲಿ ಬಹುಪಾಲನ್ನು ಕುಡಿದು, ಬದುಗಳಲ್ಲಿ ತಡೆದು, ಉಳಿದದ್ದನ್ನು ಹಳ್ಳದ ಮೂಲಕ ನಿಧಾನವಾಗಿ ಕೆರೆಗೆ ಬಿಡುತ್ತದೆ. ಡಾಂಬರು ರಸ್ತೆ, ಕಾಂಕ್ರೀಟ್ ಅಂಗಳ ಮತ್ತು ತಾರಸಿಗಳಾದ ಮೇಲೆ ಅದೇ ನೀರು ಒಮ್ಮೆಲೇ ಚರಂಡಿಗೆ ನುಗ್ಗುತ್ತದೆ. ಪೋಷಕ ಕಾಲುವೆಯನ್ನು ಮುಚ್ಚಿದ್ದರೆ ಕೆರೆಗೆ ಬರುವುದೇ ಇಲ್ಲ, ಮುಚ್ಚದಿದ್ದರೆ ಹೂಳು ಮತ್ತು ಕೊಳಚೆಯೊಂದಿಗೆ ಬರುತ್ತದೆ. ಇನ್ನೊಂದು ಲೆಕ್ಕವನ್ನೂ ಅರ್ಜಿಯಲ್ಲಿ ಬರೆಯಿರಿ. ರಸ್ತೆ, ಉದ್ಯಾನ ಮತ್ತು ನಾಗರಿಕ ಸೌಲಭ್ಯದ ಜಾಗ ಕಳೆದು ಅರ್ಧದಷ್ಟು ಭೂಮಿ ನಿವೇಶನಗಳಿಗೆ ಉಳಿದರೂ, 30 ಅಡಿ ಅಗಲ 40 ಅಡಿ ಉದ್ದದ ಸುಮಾರು 700 ನಿವೇಶನಗಳಾಗುತ್ತವೆ. ಮನೆಗೆ ನಾಲ್ವರಂತೆ 2,800 ಜನ. ಒಳಚರಂಡಿ ಇರುವ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬ ಸರ್ಕಾರಿ ಮಾನದಂಡವನ್ನೇ ಹಿಡಿದರೆ ದಿನಕ್ಕೆ 3.78 ಲಕ್ಷ ಲೀಟರ್ ನೀರು ಬೇಕು, ಅದರಲ್ಲಿ 3 ಲಕ್ಷ ಲೀಟರ್‌ನಷ್ಟು ಕೊಳಚೆಯಾಗಿ ಹೊರಬರುತ್ತದೆ. ಈ ನೀರು ಹೇಮಾವತಿಯ ಕೊಳವೆಯಿಂದ ಬರುತ್ತದೆಯೋ, ನಿಮ್ಮ ಅಂತರ್ಜಲದಿಂದಲೋ? ಕೊಳಚೆ ಎಲ್ಲಿಗೆ ಹೋಗುತ್ತದೆ? ನಗರದ ಒಳಚರಂಡಿ ಅಲ್ಲಿಯವರೆಗೆ ಬಂದಿಲ್ಲದಿದ್ದರೆ, ಇಳಿಜಾರಿನ ಕೆಳಗಿರುವ ನಿಮ್ಮ ಕೆರೆಯೇ ಅದಕ್ಕೆ ಉತ್ತರವಾಗುತ್ತದೆ. ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಬರುವವರೆಗೆ ಅನುಮೋದನೆ ನೀಡಬಾರದು ಎಂದು ಕೇಳಿ.

ಆಲೂಗೆಡ್ಡೆಯ ಬಗ್ಗೆಯೂ ಬರೆಯಿರಿ, ಆದರೆ ಅಳತೆ ಮೀರಬೇಡಿ. ಅಂಗಮಾರಿ ರೋಗದಿಂದ ಕೈಸುಟ್ಟುಕೊಂಡ ರೈತ ಒಳ್ಳೆಯ ಬೆಲೆ ಬಂದಾಗ ಜಮೀನು ಮಾರಿದ್ದನ್ನು ತಪ್ಪೆನ್ನಲು ನಮಗೆ ಅಧಿಕಾರವಿಲ್ಲ. ಮಾರಿದವರ ಹೆಸರನ್ನು ಅರ್ಜಿಯಲ್ಲಿ ಎಳೆದು ತಂದರೆ ಊರು ಎರಡಾಗುತ್ತದೆ.

ಇದಕ್ಕೆಲ್ಲ ದಾಖಲೆಯ ಆಧಾರ ಬೇಕು. ಸರ್ವೆ ಇಲಾಖೆಯಿಂದ ಗ್ರಾಮ ನಕಾಶೆ, ಆ ಸರ್ವೆ ನಂಬರುಗಳ ಟಿಪ್ಪಣಿ (ಅಳತೆಯ ನಕ್ಷೆ) ಮತ್ತು ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ಪ್ರತಿಗಳನ್ನು ತೆಗೆಸಿ, ಪಹಣಿಯೊಂದಿಗೆ ಹೋಲಿಸಿ ನೋಡಿ. ಅಲ್ಲಿ ‘ಬಿ ಖರಾಬು’ ಎಂದು ಎಷ್ಟು ಗುಂಟೆ ನಮೂದಾಗಿದೆ ಎಂಬುದು ನಿಮ್ಮ ಇಡೀ ಪ್ರಕರಣದ ಗಟ್ಟಿ ನೆಲೆ. ಹಳ್ಳ, ಕಾಲುವೆ, ಬಂಡಿ ದಾರಿ, ಕಾಲುದಾರಿಗಳಂತಹ ಸಾರ್ವಜನಿಕ ಉಪಯೋಗದ ಜಾಗವೇ ಬಿ ಖರಾಬು. ಸುತ್ತಲಿನ ಜಮೀನನ್ನು ಕೊಂಡವರು ಅದನ್ನು ಕೊಂಡಂತಾಗುವುದಿಲ್ಲ. ಭೂ ಕಂದಾಯ ಕಾಯ್ದೆಯ 67ನೇ ಪ್ರಕರಣದಂತೆ ಅದು ಸರ್ಕಾರದ್ದು. ಸಾರ್ವಜನಿಕ ದಾರಿಯ ಹಕ್ಕನ್ನು ರದ್ದುಪಡಿಸಬೇಕಾದರೂ 68ನೇ ಪ್ರಕರಣದಂತೆ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಕಾಲುವೆ ಈಗ ಬತ್ತಿದೆ, ಯಾರೂ ಬಳಸುತ್ತಿಲ್ಲ ಎಂಬ ಉತ್ತರ ಬರುವುದು ಖಂಡಿತ. ಅದಕ್ಕೆ ಎದುರಾಗಿ ಹಿಂದಿನ ಮಳೆಗಾಲದಲ್ಲಿ ಅದು ಹರಿದ ಚಿತ್ರಗಳನ್ನು ದಿನಾಂಕದೊಂದಿಗೆ ಲಗತ್ತಿಸಿ, ಕೆರೆಯ ತೂಬು ಎತ್ತಿ ಇಳಿಸುತ್ತಿದ್ದ ನೀರುಗಂಟಿಯ ಮನೆತನದವರು ಊರಿನಲ್ಲಿದ್ದರೆ ಅವರ ಹೇಳಿಕೆಯನ್ನೂ ಬರೆಸಿಕೊಳ್ಳಿ. ಜಲಮೂಲ ಮತ್ತು ಗ್ರಾಮದ ಸಾಮೂಹಿಕ ಭೂಮಿಯನ್ನು ಖಾಸಗಿ ಉಪಯೋಗಕ್ಕೆ ಬಿಟ್ಟುಕೊಡಬಾರದೆಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಬಹಳ ಕಟುವಾಗಿ ಹೇಳಿದೆ, ಅದನ್ನು ಉಲ್ಲೇಖಿಸಿ.

ಕೆರೆಯ ಅಚ್ಚುಕಟ್ಟು, ಅಂದರೆ ಅದರ ನೀರುಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಹೆಚ್ಚಿದ್ದರೆ ಅದು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯ ಅಧೀನದಲ್ಲಿರುತ್ತದೆ, ಕಡಿಮೆಯಿದ್ದರೆ ಪಂಚಾಯಿತಿಯ ವ್ಯಾಪ್ತಿಗೆ ಬರುತ್ತದೆ. ಸಂಬಂಧಪಟ್ಟ ಎಂಜಿನಿಯರ್ ಸ್ಥಳ ಪರಿಶೀಲಿಸಿ ವರದಿ ಕೊಡುವಂತೆ ಪ್ರತ್ಯೇಕ ಪತ್ರ ಬರೆಯಿರಿ.

ಗ್ರಾಮ ಸಭೆಯ ನಿರ್ಣಯದಿಂದ ಮಾತ್ರವೇ ಕೆಲಸ ನಿಲ್ಲುವುದಿಲ್ಲ, ಅದಕ್ಕೆ ತಡೆಯಾಜ್ಞೆಯ ಬಲವಿಲ್ಲ. ಆದರೂ ಅದು ಬೇಕು: ಆಕ್ಷೇಪಣೆ ನಾಲ್ಕಾರು ಜನರದ್ದಲ್ಲ ಎಂಬುದಕ್ಕೆ ಅದು ಅಧಿಕೃತ ದಾಖಲೆ. ಜೆಸಿಬಿಯ ವಿಷಯ ಮಾತ್ರ ತಡಮಾಡುವಂಥದ್ದಲ್ಲ. ಅನ್ಯಕ್ರಾಂತದ ಆದೇಶವಿಲ್ಲದೆ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸುವುದು ಭೂ ಕಂದಾಯ ಕಾಯ್ದೆಯ 96ನೇ ಪ್ರಕರಣದಡಿ ದಂಡನೀಯ. ಈ ಪತ್ರಿಕೆ ನಿಮ್ಮ ಕೈಸೇರಿದ ದಿನವೇ ತಹಶೀಲ್ದಾರರಿಗೆ ದೂರು ಕೊಟ್ಟು, ಸ್ಥಳ ಮಹಜರು ನಡೆಸುವಂತೆ ಕೇಳಿ. ಬದು ಮತ್ತು ಕಾಲುವೆಗಳ ಗುರುತು ಅಳಿಸಿದ ಮೇಲೆ ಅವು ಇದ್ದವೆಂದು ಸಾಬೀತುಪಡಿಸುವುದು ಹತ್ತು ಪಟ್ಟು ಕಷ್ಟ.

ಪ್ರಶ್ನೆ: ಚಿಕ್ಕಮಗಳೂರು ಬಳಿ ನಮ್ಮ ಪಕ್ಕದ ಕಾಫಿ ತೋಟವನ್ನು ತುಂಡು ತುಂಡಾಗಿ ಮಾಡಿ ವಿಲ್ಲಾಗಳಿಗೆ ಮಾರಲಾಗುತ್ತಿದೆ. ತೋಟ ಕಡಿದಾದ ಇಳಿಜಾರಿನಲ್ಲಿದೆ, ಕೆಳಗೆ ನಮ್ಮ ಮನೆಯಿದೆ. ಕಸ್ತೂರಿರಂಗನ್ ವರದಿಯ ಆಧಾರದ ಮೇಲೆ ತಡೆಯಬಹುದೇ?
(ಚಿಕ್ಕಮಗಳೂರಿನ ಓದುಗರು)

ಉತ್ತರ: ಪಶ್ಚಿಮ ಘಟ್ಟದ ಸಂರಕ್ಷಣೆ ಕುರಿತ ಆ ವರದಿಯೊಂದನ್ನೇ ನಂಬಬೇಡಿ. ಅದರ ಆಧಾರದ ಮೇಲೆ ಕೇಂದ್ರ ಸರ್ಕಾರ 2014ರಿಂದ ಕರಡು ಅಧಿಸೂಚನೆಗಳನ್ನು ಹೊರಡಿಸುತ್ತಾ ಬಂದು, 2024ರ ಜುಲೈ 31ರಂದು ಆರನೆಯದನ್ನು ಪ್ರಕಟಿಸಿತು. ಕರಡಿಗೆ ಅಂತಿಮ ಅಧಿಸೂಚನೆಯ ಬಲವಿಲ್ಲ. ಜೊತೆಗೆ ಅದು ತಡೆಯಬಯಸುವುದು 20,000 ಚದರ ಮೀಟರ್ ಮೀರಿದ ಕಟ್ಟಡಗಳನ್ನು ಮತ್ತು ದೊಡ್ಡ ಟೌನ್‌ಶಿಪ್‌ಗಳನ್ನು. ತುಂಡು ತುಂಡಾಗಿ ಮಾರುವವರು ಈ ಮಿತಿಗಳನ್ನು ಚೆನ್ನಾಗಿ ಬಲ್ಲವರು.

ನಿಮ್ಮ ಬಲ ಇರುವುದು ಇಳಿಜಾರಿನಲ್ಲಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, ಮರುವರ್ಷ ಅದೇ ತಿಂಗಳಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದದ್ದನ್ನು ಮಲೆನಾಡು ಮರೆತಿಲ್ಲ. ನೆರಳು ಮರಗಳ ಬೇರು ಹಿಡಿದಿಟ್ಟ ಮಣ್ಣನ್ನು ರಸ್ತೆಗಾಗಿ ಮತ್ತು ಮನೆಯ ಪಾಯಕ್ಕಾಗಿ ಲಂಬವಾಗಿ ಕಡಿದಾಗ, ಮಳೆನೀರು ಆ ಕಡಿತದೊಳಗೆ ಇಳಿದು ಮೇಲಿನ ಮಣ್ಣಿನ ಭಾರವನ್ನು ಹೆಚ್ಚಿಸುತ್ತದೆ, ಅದಕ್ಕಿದ್ದ ಆಸರೆಯೂ ತಪ್ಪುತ್ತದೆ. ಅದರಿಂದ ಅಪಾಯಕ್ಕೆ ಒಳಗಾಗುವವರು ಕೆಳಗಿರುವ ನೀವು. ಆದ್ದರಿಂದ ಪ್ರತಿ ತುಂಡಿನ ಅನ್ಯಕ್ರಾಂತದ ಅರ್ಜಿಯ ಮೇಲೂ, ಇಡೀ ತೋಟವನ್ನು ಒಂದೇ ಯೋಜನೆಯೆಂದು ಪರಿಗಣಿಸಬೇಕು ಮತ್ತು ಭೂಕುಸಿತದ ಅಪಾಯದ ಬಗ್ಗೆ ತಜ್ಞರ ವರದಿ ಪಡೆಯಬೇಕು ಎಂದು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ಆಗಿರುವ ಜಿಲ್ಲಾಧಿಕಾರಿಗಳಿಗೆ ಬರೆಯಿರಿ. ಮರ ಕಡಿಯುತ್ತಿದ್ದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಇದೆಯೇ ಎಂದು ವಲಯ ಅರಣ್ಯಾಧಿಕಾರಿಗಳನ್ನು ಕೇಳಿ. ಸಿಲ್ವರ್ ಓಕ್‌ಗೆ ವಿನಾಯಿತಿ ಇದೆ, ಬೀಟೆ, ನಂದಿಗಳಂತಹ ಮರಗಳಿಗೆ ಇಲ್ಲ. ತೋಟದ ಮಾಲೀಕರು ಹಲವು ವರ್ಷ ನಿಮ್ಮ ನೆರೆಯವರಾಗಿದ್ದವರಾದರೆ, ಅರ್ಜಿಗೆ ಮೊದಲು ಒಮ್ಮೆ ಅವರ ಮನೆಗೇ ಹೋಗಿ ಈ ಭಯವನ್ನು ಹೇಳಿಕೊಳ್ಳುವುದು ಒಳ್ಳೆಯದು. ಇಳಿಜಾರಿನ ಭಾಗವನ್ನು ತೋಟವಾಗಿಯೇ ಉಳಿಸಿ, ಸಮತಟ್ಟಾದ ಕಡೆ ಮಾತ್ರ ಮನೆ ಕಟ್ಟುವ ಒಪ್ಪಂದ ಸಾಧ್ಯವಾದರೆ ನ್ಯಾಯಾಲಯಕ್ಕಿಂತ ಅದು ಮೇಲು.

ಪ್ರಶ್ನೆ: ನನಗೆ ಜಮೀನಿಲ್ಲ, ನಾಲ್ಕು ದನ ಇವೆ. ಬಡಾವಣೆಯವರು ಗೋಮಾಳವನ್ನೂ ಸೇರಿಸಿ ಬೇಲಿ ಹಾಕುತ್ತಿದ್ದಾರೆ. ಜಮೀನಿಲ್ಲದವನು ತಕರಾರು ಮಾಡಬಹುದೇ?
(ಬೇಲೂರು ತಾಲ್ಲೂಕಿನ ಓದುಗರು)

ಉತ್ತರ: ಖಂಡಿತ ಮಾಡಬಹುದು. ಗೋಮಾಳ ಇರುವುದೇ ನಿಮ್ಮಂಥವರಿಗಾಗಿ. ಭೂ ಕಂದಾಯ ನಿಯಮಗಳ 97ನೇ ನಿಯಮದಂತೆ ಊರಿನ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಉಚಿತ ಹುಲ್ಲುಗಾವಲನ್ನು ಕಾಯ್ದಿರಿಸಬೇಕು. ಪಶುವೈದ್ಯ ಆಸ್ಪತ್ರೆಯಲ್ಲಿ ನಿಮ್ಮ ಊರಿನ ಜಾನುವಾರು ಗಣತಿಯ ಅಂಕಿಯನ್ನು, ತಾಲ್ಲೂಕು ಕಚೇರಿಯಲ್ಲಿ ಗೋಮಾಳದ ಸರ್ವೆ ನಂಬರು ಮತ್ತು ವಿಸ್ತೀರ್ಣವನ್ನು ಪಡೆಯಿರಿ; ಕೊಡದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದೊಳಗೆ ಅವರು ಉತ್ತರಿಸಬೇಕು. ಅಷ್ಟರವರೆಗೆ ಕಾಯದೆ, ಗೋಮಾಳದ ಹದ್ದುಬಸ್ತು ಮಾಡಿ (ಗಡಿ ಅಳೆದು ಗುರುತಿಸಿ) ಬೇಲಿ ತೆರವುಗೊಳಿಸುವಂತೆ ತಹಶೀಲ್ದಾರರಿಗೆ ಇಂದೇ ಅರ್ಜಿ ಕೊಡಿ, ದನ ಸಾಕುವ ಇತರ ಮನೆಯವರ ಸಹಿಯನ್ನೂ ಅದಕ್ಕೆ ಹಾಕಿಸಿ.