ಗಾಡಿ ಪ್ರಶ್ನೋತ್ತರ: ಹಳೇ ಏಸ್‌ಗೆ ದೊಡ್ಡ ಟಯರ್ ಹಾಕಬಹುದೇ?

ಪ್ರಶ್ನೆ: ನಮ್ಮದು 2009ರ ಟಾಟಾ ಏಸ್. ತೋಟದಿಂದ ಅಡಿಕೆ ತರುವ ದಾರಿಯಲ್ಲಿ ಚಕ್ರದ ಜಾಡು ಹಳ್ಳ ಬಿದ್ದು ನಡುವೆ ದಿಬ್ಬ ನಿಂತಿದೆ, ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿಯ ಅಡಿ ತಾಗುತ್ತದೆ. ಈಗಿರುವುದು 12 ಇಂಚಿನ ಟಯರ್. 13 ಅಥವಾ 14 ಇಂಚು ಹಾಕಿಸಿದರೆ ಗಾಡಿ ಎತ್ತರವಾಗುತ್ತದೆ ಎನ್ನುತ್ತಾರೆ. ಹಾಕಿಸಲೇ?
— ಓದುಗರು, ಶಿರಸಿ ತಾಲೂಕು

ಉತ್ತರ: ಟಯರ್ ಅಂಗಡಿಗೆ ಹೋಗುವ ಮೊದಲು ಗಾಡಿಯ ಅಡಿಗೆ ಬಗ್ಗಿ, ತಾಗುತ್ತಿರುವುದು ಯಾವ ಭಾಗ ಎಂದು ನೋಡಿ. ಉಜ್ಜಿದ ಜಾಗದಲ್ಲಿ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿರುತ್ತದೆ, ಕೆಂಪು ಮಣ್ಣು ಮೆತ್ತಿರುತ್ತದೆ. ಉತ್ತರ ಅರ್ಧ ಅಲ್ಲೇ ಸಿಕ್ಕಿತು.

ಏಸ್‌ನಲ್ಲಿ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆ್ಯಕ್ಸಲ್, ಅದರ ಮೇಲೆ ಕಮಾನ್ ಪ್ಲೇಟ್ (ಗಾಡಿಯ ಭಾರ ಹೊರುವ ಪಟ್ಟಿ ಸ್ಪ್ರಿಂಗ್). ಹಿಂದಿನ ಡಿಫರೆನ್ಷಿಯಲ್ ಗುಂಡು (ಆ್ಯಕ್ಸಲ್ ನಡುವಿನ ಗೇರ್ ಡಬ್ಬಿ) ಅಥವಾ ಮುಂದಿನ ಆ್ಯಕ್ಸಲ್ ತಾಗುತ್ತಿದ್ದರೆ ಪ್ಲೇಟ್ ಎಷ್ಟು ಎತ್ತರಿಸಿದರೂ ಪ್ರಯೋಜನವಿಲ್ಲ. ಆ್ಯಕ್ಸಲ್‌ನ ಎತ್ತರ ನಿರ್ಧಾರವಾಗುವುದು ಟಯರ್‌ನಿಂದ ಮಾತ್ರ. ಸೈಲೆನ್ಸರ್, ಎಂಜಿನ್ ಚೇಂಬರ್ ಅಥವಾ ಸ್ಟೆಪ್ನಿ ತೂಗುಹಾಕುವ ಚೌಕಟ್ಟು ತಾಗುತ್ತಿದ್ದರೆ ಕಾರಣ ಬೇರೆ, ಪ್ಲೇಟ್ ಕುಸಿದಿದೆ. ಇಷ್ಟು ವರ್ಷ ಓಡಿದ ಗಾಡಿಯಲ್ಲಿ ನಮಗೆ ಮೊದಲ ಅನುಮಾನ ಬರುವುದೂ ಪ್ಲೇಟಿನ ಮೇಲೆಯೇ. ಸಮತಟ್ಟು ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಹಬ್‌ನ ನಡುವಿನಿಂದ ನೇರ ಮೇಲಿನ ಬಾಡಿಯ ಅಂಚಿಗೆ ನಾಲ್ಕೂ ಕಡೆ ಅಳೆಯಿರಿ. ಎಡಬಲದಲ್ಲಿ 15 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ, ಅಥವಾ ಖಾಲಿ ಗಾಡಿಯಲ್ಲೇ ಹಿಂದಿನ ಕಮಾನು ಬಾಗು ಕಳೆದುಕೊಂಡು ನೇರವಾಗಿದ್ದರೆ, ಟಯರ್‌ನ ದುಡ್ಡನ್ನು ಪ್ಲೇಟ್ ಸೆಟ್, ಬುಷ್, ಶ್ಯಾಕಲ್ ಪಿನ್‌ಗೆ ಹಾಕಿ. ಜೊತೆಗೆ ಪ್ಲೇಟನ್ನು ಆ್ಯಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಹೊಸದೇ ಇರಲಿ. ಹಳೆಯದನ್ನು ಮತ್ತೆ ಬಿಗಿದರೆ ದಾರ ಎಳೆದುಹೋಗುತ್ತದೆ. ಕೆಲವು ದಿನ ಹೇರು ಹೊತ್ತು ಓಡಿದ ಮೇಲೆ, ಹೇರು ಇರುವಾಗಲೇ ಇನ್ನೊಮ್ಮೆ ಬಿಗಿಸಿ.

ಈಗ ಟಯರ್ ಲೆಕ್ಕ. ಕಂಪನಿ ಕೊಟ್ಟ 145 ಆರ್ 12 (145 ಮಿ.ಮೀ. ಅಗಲ, 12 ಇಂಚಿನ ರಿಮ್) ಟಯರ್‌ನ ಒಟ್ಟು ಎತ್ತರ ಸುಮಾರು 542 ಮಿ.ಮೀ. 155 ಆರ್ 13 ಆದರೆ 578, 165 ಆರ್ 14 ಆದರೆ 622. ಟಯರ್ ಎಷ್ಟು ದೊಡ್ಡದಾಯಿತೋ ಅದರ ಅರ್ಧದಷ್ಟು ಮಾತ್ರ ಆ್ಯಕ್ಸಲ್ ಮೇಲೇಳುತ್ತದೆ. ಅಂದರೆ 13 ಇಂಚಿಗೆ 18 ಮಿ.ಮೀ., 14 ಇಂಚಿಗೆ 40. ಆ 18ರಲ್ಲೂ ಒಂದು ಗುಟ್ಟಿದೆ. ಹೊಸ ಟಯರ್‌ನ ಕಚ್ಚು, ಅಂದರೆ ಮೇಲಿನ ಗೀರುಗಳ ಆಳ, ಸುಮಾರು 8 ಮಿ.ಮೀ. ಇರುತ್ತದೆ, ಬೋಳಾದದ್ದರಲ್ಲಿ 2 ಇದ್ದರೆ ಹೆಚ್ಚು. ಹಾಗಾಗಿ ಹಳೇ ಅಳತೆಯ ಹೊಸ ಟಯರ್ ಹಾಕಿ, ಸರಿಯಾಗಿ ಗಾಳಿ ಹಿಡಿಸಿದರೇ ಮೂರನೇ ಒಂದು ಪಾಲು ಎತ್ತರ ಬಂದುಬಿಡುತ್ತದೆ. ಉಳಿದ ಒಂದು ಸೆಂಟಿಮೀಟರ್ ಚಿಲ್ಲರೆಗಾಗಿ ನಾಲ್ಕು ರಿಮ್, ನಾಲ್ಕು ಟಯರ್, ಮೇಲೊಂದು ಸ್ಟೆಪ್ನಿ ಕೊಳ್ಳಬೇಕೇ ಎಂದು ನೀವೇ ಯೋಚಿಸಿ. ದಿಬ್ಬವನ್ನು ಗುದ್ದಲಿಯಲ್ಲಿ ಕೆರೆದು ಜಾಡಿನ ಹಳ್ಳಕ್ಕೆ ಜಲ್ಲಿ ತುಂಬಿಸುವುದು ಇದಕ್ಕಿಂತ ಅಗ್ಗ.

14 ಇಂಚು ಬೇಡವೇ ಬೇಡ. ಶೇ. 15ರಷ್ಟು ದೊಡ್ಡ ಚಕ್ರವನ್ನು 702 ಸಿಸಿ, 16 ಅಶ್ವಶಕ್ತಿಯ ಎಂಜಿನ್‌ಗೆ ಕಟ್ಟಿದರೆ ಮೊದಲ ಗೇರ್‌ನಲ್ಲೂ ಏರು ಹತ್ತಲು ಕ್ಲಚ್ ಸುಡಬೇಕಾಗುತ್ತದೆ. ಪೂರ್ತಿ ತಿರುಗಿಸಿದಾಗ ಚಕ್ರ ಬಾಡಿಗೂ ಪ್ಲೇಟಿಗೂ ಉಜ್ಜುತ್ತದೆ.

13 ಇಂಚು ಹಾಕಿಯೇ ತೀರುತ್ತೇನೆ ಎನ್ನುವವರು ಮೊದಲು ಒಂದೇ ಒಂದು ಚಕ್ರ ಎರವಲು ತಂದು ಕೂರಿಸಿ ನೋಡಿ. ರಿಮ್‌ನ ಒಂದು ತೂತಿನ ಹೊರ ಅಂಚಿನಿಂದ ಎದುರು ತೂತಿನ ಒಳ ಅಂಚಿಗೆ ಅಳೆದರೆ ನಾಲ್ಕು ಬೋಲ್ಟಿನ ವೃತ್ತದ ಅಳತೆ ಸಿಗುತ್ತದೆ. ಹಳೆಯ ರಿಮ್‌ಗೂ ಹೊಸದಕ್ಕೂ ಅದು ಒಂದೇ ಇರಬೇಕು, ನಡುವಿನ ಹಬ್ ತೂತೂ ಅಷ್ಟೆ. ಒಂದೆರಡು ಮಿ.ಮೀ. ವ್ಯತ್ಯಾಸವನ್ನು ನಟ್ ಬಿಗಿದು ಸರಿಮಾಡುತ್ತೇನೆ ಎಂದವರ ಸ್ಟಡ್ ಮುರಿಯುತ್ತದೆ. ರಿಮ್ ಕವುಚಿ, ಅಂಚಿನ ಮೇಲೆ ನೇರ ಪಟ್ಟಿಯಿಟ್ಟು ಹಬ್‌ಗೆ ಕೂರುವ ಮುಖದವರೆಗಿನ ಆಳ ಅಳೆಯಿರಿ. ಆಳ ಹೆಚ್ಚಿದ್ದರೆ ಚಕ್ರ ಒಳಗೆ ಸರಿದು ಪ್ಲೇಟಿಗೆ ತಾಗುತ್ತದೆ, ಕಡಿಮೆಯಿದ್ದರೆ ಹೊರಗೆ ಚಾಚಿ ಬೇರಿಂಗ್ ತಿನ್ನುತ್ತದೆ. ನಡುವೆ ಸ್ಪೇಸರ್ (ಅಂತರ ಕೊಡುವ ಬಿಲ್ಲೆ) ತುರುಕುವ ಕೆಲಸಕ್ಕೆ ಕೈ ಹಾಕಬೇಡಿ.

ಚಕ್ರ ಕೂತ ಮೇಲೆ ಟಯರ್‌ನ ಭುಜಕ್ಕೆ ಸೀಮೆಸುಣ್ಣ ಬಳಿದು, ಗಾಡಿಗೆ ಹೇರು ಹಾಕಿ, ಸ್ಟೇರಿಂಗನ್ನು ಎರಡೂ ಕೊನೆಗೆ ತಿರುಗಿಸುತ್ತ ನಿಧಾನ ಓಡಿಸಿ. ಬಿಳಿ ಎಲ್ಲಿ ಅಂಟಿತೋ ಅಲ್ಲಿ ತಾಗಿತು. ಬ್ರೇಕ್ ಹೋಸ್, ಸ್ಟೇರಿಂಗ್‌ನ ಟೈರಾಡ್ ತುದಿ, ಪ್ಲೇಟಿನ ಬದಿ ಇವುಗಳಿಂದ ಕನಿಷ್ಠ 10 ಮಿ.ಮೀ. ದೂರ ಬೇಕು. ಇನ್ನೊಂದು ಅಳತೆ ಹೆಚ್ಚಿನವರು ಮರೆಯುತ್ತಾರೆ: ಆ್ಯಕ್ಸಲ್‌ಗೂ ಅದರ ಮೇಲಿನ ಬಂಪ್ ರಬ್ಬರಿಗೂ ನಡುವಿನ ಅಂತರ. ಅದು 60 ಮಿ.ಮೀ. ಇದ್ದರೆ ಟಯರ್‌ನ ನೆತ್ತಿಯಿಂದ ಬಾಡಿಗೆ 75 ಆದರೂ ಇರಬೇಕು. ಇಲ್ಲವಾದರೆ ಹೇರು ಹೊತ್ತು ಹೊಂಡಕ್ಕೆ ಬಿದ್ದಾಗ ಬಾಡಿಯ ಅಂಚು ಟಯರನ್ನು ಕೊಯ್ಯುತ್ತದೆ.

ನಟ್ ಬಿಗಿಯುವುದು ಎದುರುಬದುರು, ಒಂದೇ ಸುತ್ತಿನಲ್ಲಿ ಅಲ್ಲ. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಮೀಟರ್ 40 ತೋರಿಸುವಾಗ ಗಾಡಿ 43ರ ಹತ್ತಿರ ಓಡುತ್ತಿರುತ್ತದೆ ಎಂಬುದು ನೆನಪಿರಲಿ. ಮೈಲೇಜ್ ಲೆಕ್ಕಕ್ಕೆ ಮೀಟರ್‌ನ ಕಿಲೋಮೀಟರನ್ನು 1.066ರಿಂದ ಗುಣಿಸಿ.

ಪ್ರಶ್ನೆ: ಟಯರ್ ಅಳತೆ ಬದಲಿಸಿದರೆ ಎಫ್‌ಸಿಗೆ (ಗಾಡಿಯ ಅರ್ಹತಾ ಪತ್ರಕ್ಕೆ) ತೊಂದರೆಯಾಗುತ್ತದೆಯೇ?
— ಓದುಗರು, ಹೊನ್ನಾವರ

ಉತ್ತರ: ಆಗಬಹುದು. ಸರಕು ವಾಹನದ ನೋಂದಣಿಯಲ್ಲಿ ಮುಂದಿನ, ಹಿಂದಿನ ಆ್ಯಕ್ಸಲ್‌ನ ಟಯರ್ ಸಂಖ್ಯೆ, ಅಳತೆ ದಾಖಲಾಗಿರುತ್ತದೆ. ಕಂಪನಿ ನಮೂದಿಸಿದ್ದಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 8 ವರ್ಷ ದಾಟಿದ ಗಾಡಿಗೆ ಎಫ್‌ಸಿ ವರ್ಷಕ್ಕೊಮ್ಮೆ, ಹಾಗಾಗಿ ಸಿಕ್ಕಿಬೀಳುವ ಅವಕಾಶವೂ ವರ್ಷಕ್ಕೊಮ್ಮೆ. ನಿಮ್ಮ ಮಾಡೆಲ್‌ಗೆ ಕಂಪನಿಯೇ ಇನ್ನೊಂದು ಅಳತೆ ಒಪ್ಪಿದೆಯೇ ಎಂದು ಡೀಲರ್ ಹತ್ತಿರ ಬರಹದಲ್ಲಿ ಕೇಳಿ, ಆ ಕಾಗದ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ, ಆಮೇಲೆ ಟಯರ್ ಕೊಳ್ಳಿ. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯುವುದಕ್ಕೂ ಇದೇ ಎಡೆ. ಅಳತೆ ಯಾವುದೇ ಇರಲಿ, ಕಚ್ಚು 1.6 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ.

ಪ್ರಶ್ನೆ: ಕಾರಿನಿಂದ ತೆಗೆದ 155/80 ಆರ್ 13 ಟಯರ್ ಅಗ್ಗಕ್ಕೆ ಸಿಕ್ಕಿತೆಂದು ಹಿಂದಿನ ಚಕ್ರಕ್ಕೆ ಹಾಕಿದೆ. ಚಿರೇಕಲ್ಲು ಹೊಡೆಯುತ್ತೇನೆ. ಒಂದೇ ತಿಂಗಳಲ್ಲಿ ಒಂದು ಟಯರ್‌ನ ಬದಿಯಲ್ಲಿ ಬುಗುಟು ಎದ್ದಿದೆ. ಟಯರ್ ಹಾಳಿತ್ತೇ?
— ಓದುಗರು, ಕುಮಟಾ

ಉತ್ತರ: ಟಯರ್ ಸರಿಯೇ ಇದ್ದಿರಬಹುದು. ಅದು ಈ ಕೆಲಸದ ಟಯರ್ ಅಲ್ಲ. ಬದಿಯಲ್ಲಿ ಅಳತೆಯ ಪಕ್ಕ ಇರುವ ಎರಡಂಕಿ ನೋಡಿ. ಕಾರಿನ ಈ ಅಳತೆಯಲ್ಲಿ ಸಾಮಾನ್ಯವಾಗಿ 79 ಇರುತ್ತದೆ, ಅಂದರೆ ಟಯರ್ ಒಂದಕ್ಕೆ 437 ಕೆ.ಜಿ. ಏಸ್‌ನ 145 ಆರ್ 12 ಎಲ್‌ಟಿ 8 ಪಿಆರ್‌ನಲ್ಲಿ (ಎಲ್‌ಟಿ ಅಂದರೆ ಸಣ್ಣ ಸರಕು ಗಾಡಿಯದ್ದು, ಪಿಆರ್ ಅಂದರೆ ಪದರದ ಬಲದ ದರ್ಜೆ) 86 ಇರುತ್ತದೆ, ಅದು 530 ಕೆ.ಜಿ. ನೋಡಲು ಸಣ್ಣ, ಹೊರುವುದು ಹೆಚ್ಚು. ಹೇರು ತುಂಬಿದ ಗಾಡಿಯ 1,550 ಕೆ.ಜಿ.ಯಲ್ಲಿ ಶೇ. 60 ಹಿಂದೆ ಬಿತ್ತೆಂದರೂ 930 ಕೆ.ಜಿ. ಆಯಿತು. ನಿಮ್ಮ ಎರಡು ಟಯರ್ ಸೇರಿ ಹೊರಬಲ್ಲದ್ದು 874. ಅದೂ ಕಾನೂನಿನ ಮಿತಿಯಲ್ಲಿ ಹೇರಿದರೆ! ಕಲ್ಲೊಂದು 30 ಕೆ.ಜಿ. ತೂಗಿದರೆ 25 ಕಲ್ಲಿಗೇ ಮುಕ್ಕಾಲು ಟನ್. ಕ್ವಾರಿಯಲ್ಲಿ ಎಷ್ಟಕ್ಕೆ ನಿಲ್ಲಿಸುತ್ತಾರೆ ಎಂಬುದು ನಿಮಗೇ ಗೊತ್ತು.

ಗಾಳಿಯದ್ದೂ ಇದೇ ಕಥೆ. 8 ಪಿಆರ್ ಟಯರ್ ಪೂರ್ತಿ ಭಾರಕ್ಕೆ 65 ಪಿಎಸ್‌ಐ ಆಸುಪಾಸು ಹಿಡಿಯುತ್ತದೆ, ಕಾರಿನದ್ದು 30ರಿಂದ 35ಕ್ಕೆ ಮಾಡಿದ್ದು. ಕಡಿಮೆ ಗಾಳಿಯಲ್ಲಿ ಭಾರ ಬಿದ್ದರೆ ಟಯರ್‌ನ ಬದಿ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತದೆ, ಒಳಗಿನ ದಾರ ಹರಿಯುತ್ತದೆ, ಗಾಳಿ ಅಲ್ಲಿ ಉಬ್ಬಿಕೊಳ್ಳುತ್ತದೆ. ಬುಗುಟಿಗೆ ಪ್ಯಾಚ್ ಇಲ್ಲ, ಒಳಗೆ ಟ್ಯೂಬ್ ಹಾಕಿದರೂ ಅದು ಒಡೆಯುವುದೇ. ಇವತ್ತೇ ತೆಗೆಯಿರಿ. 13 ಇಂಚೇ ಬೇಕಿದ್ದರೆ, ಅದೂ ಆರ್‌ಟಿಒ ಒಪ್ಪಿದರೆ, 155 ಆರ್ 13 ಎಲ್‌ಟಿ 8 ಪಿಆರ್ ಕೇಳಿ, ಅದರಲ್ಲಿ 90 ಅಂದರೆ 600 ಕೆ.ಜಿ. ಇರುತ್ತದೆ. ಟಯರ್ ಹೆಚ್ಚು ಹೊರುತ್ತದೆಂದು ಗಾಡಿಗೆ ಹೆಚ್ಚು ಹೇರಬೇಡಿ, ಆ್ಯಕ್ಸಲ್ ಅದೇ ಹಳೆಯದು.

ಪ್ರಶ್ನೆ: ಹಿಂದಿನ ಎರಡಕ್ಕೆ ಮಾತ್ರ 13 ಇಂಚು ಹಾಕಿದ್ದೇನೆ. ಅರಬೈಲ್ ಘಟ್ಟ ಹತ್ತುವಾಗ ಸುಟ್ಟ ವಾಸನೆ. ಟಯರ್‌ಗೂ ಅದಕ್ಕೂ ಸಂಬಂಧವುಂಟೇ?
— ಓದುಗರು, ಅಂಕೋಲಾ

ಉತ್ತರ: ಉಂಟು, ಆದರೆ ಪೂರ್ತಿ ಟಯರ್‌ನ ತಪ್ಪಲ್ಲ. ಚಕ್ರ ಶೇ. 6.6 ದೊಡ್ಡದಾದರೆ ಅದೇ ಗೇರ್‌ನಲ್ಲಿ ನೆಲಕ್ಕೆ ತಲುಪುವ ಎಳೆತ ಶೇ. 6ರಷ್ಟು ತಗ್ಗುತ್ತದೆ. ಹತ್ತು ಅಡಿಗೆ ಒಂದು ಅಡಿ ಏರುವ ರಸ್ತೆಯಲ್ಲಿ ಪೂರ್ತಿ ಹೇರಿನ ಏಸ್ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹತ್ತಲು ಚಕ್ರಕ್ಕೆ ಸುಮಾರು 13 ಅಶ್ವಶಕ್ತಿ ಬೇಕು. ಗೇರ್‌ಬಾಕ್ಸ್, ಆ್ಯಕ್ಸಲ್‌ನಲ್ಲಿ ಕಳೆದದ್ದು ಬಿಟ್ಟರೆ ಎಂಜಿನ್‌ನಲ್ಲಿ ಇರುವುದೇ ಅಷ್ಟು. ಮೊದಲು ಎರಡನೇ ಗೇರ್‌ನಲ್ಲಿ ಹೋಗುತ್ತಿದ್ದ ತಿರುವಿನಲ್ಲಿ ಈಗ ಕ್ಲಚ್ ಅರ್ಧ ಒತ್ತಿ ನೂಕುತ್ತಿದ್ದೀರಿ, ವಾಸನೆ ಅದರದ್ದು. ಗೇರ್ ಮೊದಲೇ ಇಳಿಸಿ, ಪೆಡಲ್‌ನಿಂದ ಕಾಲು ತೆಗೆಯಿರಿ. ಕ್ಲಚ್ ಪ್ಲೇಟ್ ಸವೆದಿದೆಯೇ ತಿಳಿಯಲು ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಪೆಡಲ್ ನಿಧಾನ ಬಿಡಿ. ಎಂಜಿನ್ ತಕ್ಷಣ ನಿಂತರೆ ಸರಿ. ಗುರ್ ಎನ್ನುತ್ತ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ.

ಇಳಿಯುವಾಗ ಇನ್ನೂ ಜಾಗ್ರತೆ ಬೇಕು. ದೊಡ್ಡ ಚಕ್ರಕ್ಕೆ ಅದೇ ಬ್ರೇಕ್ ಡ್ರಮ್, ಅದೇ ಲೈನರ್, ಹಿಡಿತ ಮಾತ್ರ ಅಷ್ಟು ಕಡಿಮೆ. ಹತ್ತಿದ ಗೇರ್‌ನಲ್ಲೇ ಇಳಿಯಿರಿ. ಸ್ಟೆಪ್ನಿ 12 ಇಂಚಿನದ್ದೇ ಉಳಿದಿದ್ದರೆ ಅದನ್ನು ಹಿಂದೆ ಹಾಕಿ ದೂರ ಓಡಿಸಬೇಡಿ. ಎಡಬಲ ಚಕ್ರದ ಅಳತೆ ಬೇರೆಯಾದರೆ ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್‌ನ ಸಣ್ಣ ಹಲ್ಲುಗಳು ತಿರುಗುತ್ತಲೇ ಇದ್ದು ಸವೆಯುತ್ತವೆ. ಹತ್ತಿರದ ಪಂಕ್ಚರ್ ಅಂಗಡಿಯವರೆಗೆ, ನಿಧಾನ, ಅಷ್ಟೇ.

ಪ್ರಶ್ನೆ: ಬೈತಖೋಲ್ ಬಂದರಿನಿಂದ ಮೀನು ಸಾಗಿಸುತ್ತೇವೆ. ಟ್ಯೂಬ್‌ಲೆಸ್ ಟಯರ್, ಎರಡು ದಿನಕ್ಕೊಮ್ಮೆ ಗಾಳಿ ಇಳಿಯುತ್ತದೆ, ಪಂಕ್ಚರ್ ಸಿಗುವುದಿಲ್ಲ. ಹೇಗೂ ದೊಡ್ಡ ರಿಮ್‌ಗೆ ಬದಲಿಸೋಣವೇ?
— ಓದುಗರು, ಕಾರವಾರ

ಉತ್ತರ: ಹೊಸ ರಿಮ್ ಯಾವ ಅಳತೆಯದಾದರೂ ಅದೇ ಉಪ್ಪು ನೀರು ಕುಡಿಯುತ್ತದೆ. ಟಯರ್‌ನ ಅಂಚು ರಿಮ್‌ಗೆ ಕೂರುವ ಸಾಲಿನಲ್ಲಿ ತುಕ್ಕು ಹಪ್ಪಳದಂತೆ ಎದ್ದು, ಅದರ ಸಂದಿಯಿಂದ ಗಾಳಿ ಹೋಗುತ್ತಿದೆ. ಸೋಪಿನ ನೀರನ್ನು ಅಂಚಿನ ಸುತ್ತ, ಒಳಬದಿಗೂ, ವಾಲ್ವ್ ಬುಡಕ್ಕೂ ಬಿಟ್ಟು ಗುಳ್ಳೆ ಏಳುವ ಜಾಗಕ್ಕೆ ಗುರುತು ಹಾಕಿ. ಟಯರ್ ಬಿಚ್ಚಿಸಿ, ಆ ಸಾಲನ್ನು ವೈರ್ ಬ್ರಷ್, ಎಮರಿ ಹಾಳೆಯಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ತೆಳುವಾಗಿ ಝಿಂಕ್ ಪ್ರೈಮರ್ ಹೊಡೆಯಿರಿ. ನಟ್ ಕೂರುವ ಜಾಗಕ್ಕೂ ಹಬ್‌ಗೆ ತಾಗುವ ಮುಖಕ್ಕೂ ದಪ್ಪ ಬಣ್ಣ ಬೇಡ, ಬಣ್ಣ ಅಮುಕಿ ನಟ್ ಸಡಿಲಾಗುತ್ತದೆ. ಬೋಲ್ಟ್ ತೂತಿನ ಸುತ್ತ ಕೂದಲೆಳೆಯಷ್ಟು ಬಿರುಕು ಕಂಡರೂ ಆ ರಿಮ್ ಗುಜರಿಗೆ. ವಾಲ್ವ್ ಹೊಸದು ಹಾಕಿಸಿ. ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐವರೆಗಿನದ್ದು, ನೀವು ಅಷ್ಟೇ ಗಾಳಿ ತುಂಬಿಸುವವರಾದರೆ ನಟ್ ಬಿಗಿಯುವ ಲೋಹದ ವಾಲ್ವ್ ಮೇಲು.

ಟಯರ್ ಬಿಚ್ಚಿದ ಹೊತ್ತಿಗೆ ಹಿಂದಿನ ಆ್ಯಕ್ಸಲ್ ಮೇಲೆ ಹಾದುಹೋಗುವ ಬ್ರೇಕ್ ಪೈಪನ್ನೂ ಬಟ್ಟೆಯಲ್ಲಿ ಒರೆಸಿ ನೋಡಿ. ಕ್ಲಿಪ್‌ನ ಅಡಿಯಲ್ಲಿ ತುಕ್ಕು ಹಿಡಿದು ಸಿಪ್ಪೆ ಏಳುತ್ತಿದ್ದರೆ ರಿಮ್‌ಗಿಂತ ಮೊದಲು ಅದನ್ನು ಬದಲಿಸಿ. ಕ್ರೇಟಿನ ಐಸ್ ನೀರು ಹಲಗೆಯ ಸಂದಿಯಿಂದ ನೇರ ಚಕ್ರದ ಮೇಲೆ ಇಳಿಯದಂತೆ ಟ್ರೇ ಕಟ್ಟಿ, ಪೈಪ್ ಹಾಕಿ ಕ್ಯಾನಿಗೆ ಬಿಡಿ. ಹೇರು ಇಳಿಸಿದ ಮೇಲೆ ಬೋರ್‌ವೆಲ್ ನೀರು ಉಪ್ಪಿಲ್ಲದಿದ್ದರೆ ಅದರಲ್ಲೇ ರಿಮ್‌ನ ಒಳಬದಿ, ಪ್ಲೇಟ್, ಯು-ಬೋಲ್ಟ್ ತೊಳೆಯಿರಿ.