ಸಣ್ಣ ಬಾಜಿಯ ಪೋಕರ್‌ನಲ್ಲಿ ಎಕ್ಕದ ಜೋಡಿ ಇದ್ದರೂ ಫೋಲ್ಡ್ ಮಾಡಬೇಕಾ?

ಕೊನೆಯಲ್ಲಿ ಎದುರಾಳಿ ದೊಡ್ಡದಾಗಿ ಏರಿಸಿದಾಗ ಎಕ್ಕದ ಜೋಡಿ ಬಿಡಬೇಕಾ ಅಂತ ಕೇಳಿದ್ದೀರಿ. ನಾನಾಗಿದ್ದರೆ ಫೋಲ್ಡ್ ಮಾಡುತ್ತಿದ್ದೆ, ಅಂದರೆ ಎಲೆ ಎಸೆದು ಆ ಆಟ ಬಿಡುತ್ತಿದ್ದೆ. 1–2 ಡಾಲರ್ ಕಡ್ಡಾಯ ಬಾಜಿಯ ಹೋಲ್ಡೆಮ್ ಟೇಬಲ್ (ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್), ನಿಮ್ಮ ಕೈಯಲ್ಲಿ ಎರಡು ಎಕ್ಕ. ಮೇಜಿನ ಮೇಲೆ ಗುಲಾಮ, 9, 4, 7, 2, ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆಗೆ) ದಾರಿಯಿಲ್ಲ. ಕೊನೆಯ ಎಲೆ ಬಿದ್ದಾಗ ಪಾಟ್‌ನಲ್ಲಿ (ಎಲ್ಲರ ಬಾಜಿ ಸೇರಿದ ಮೊತ್ತದಲ್ಲಿ) 60 ಡಾಲರ್ ಇತ್ತು, ನೀವು 40 ಹಾಕಿದಿರಿ. ಅಲ್ಲಿತನಕ ಸುಮ್ನೆ ಕಾಲ್ ಮಾಡುತ್ತಿದ್ದ, ಅಂದರೆ ನೀವು ಹಾಕಿದಷ್ಟೇ ಹಾಕುತ್ತಿದ್ದ ಆಸಾಮಿ ಏಕಾಏಕಿ 140ಕ್ಕೆ ಏರಿಸಿದ.

ಲೆಕ್ಕ ನೋಡಿ. ನೀವು ಇನ್ನೂ 100 ಹಾಕಿದರೆ ಪಾಟ್ ಒಟ್ಟು 340 ಆಗುತ್ತದೆ. ಅಂದರೆ ನೂರಕ್ಕೆ ಸುಮಾರು 30 ಸಲವಾದರೂ ನೀವು ಗೆಲ್ಲಬೇಕು. ಈಗ ಅವನ ಕೈಯಲ್ಲಿ ಏನಿರಬಹುದು? ರಾಜ–ಗುಲಾಮ ಇದ್ದಿದ್ದರೆ ಕಾಲ್ ಮಾಡಿ ಸುಮ್ಮನಿರುತ್ತಿದ್ದ, ಅಲ್ವಾ? ಏರಿಸಿದ್ದಾನೆ ಅಂದರೆ ಗುಲಾಮ–9, ಮೂರು 4, ಇಲ್ಲವೇ 10–8 ಹಿಡಿದು ಮಾಡಿದ ಸ್ಟ್ರೇಟ್ (ಸಾಲಾಗಿ ಐದು ಎಲೆ). ಇವೆಲ್ಲ ನಿಮ್ಮ ಒಂದು ಜೋಡಿಯನ್ನು ಸೋಲಿಸುತ್ತವೆ. ಸಣ್ಣ ಟೇಬಲ್‌ಗಳಲ್ಲಿ ಇಂಥ ಸಾಧು ಆಟಗಾರರು ಈ ಹಂತದಲ್ಲಿ ಬ್ಲಫ್ ಮಾಡುವುದು ತೀರಾ ಕಡಿಮೆ. ಎಷ್ಟೋ ಹೊತ್ತು ಕಾದು ಸಿಕ್ಕ ಎಕ್ಕ ಅನ್ನೋ ಸಂಕಟ ಇದ್ದೇ ಇರುತ್ತದೆ, ಆದರೆ ಅದು ಲೆಕ್ಕಕ್ಕೆ ಬರಲ್ಲ.

ಎದುರಿಗಿರುವವನು ಪ್ರತಿ ಆಟದಲ್ಲೂ ಏರಿಸುವ ಪುಂಡನಾದರೆ ಮಾತೇ ಬೇರೆ, ಕಾಲ್ ಮಾಡಿ. ಫ್ಲಾಪ್‌ಗೆ (ಮೇಜಿನ ಮೇಲೆ ಬೀಳುವ ಮೊದಲ ಮೂರು ಎಲೆಗೆ) ಮುಂಚೆಯಂತೂ ಎಕ್ಕದ ಜೋಡಿ ಬಿಡಲೇಬೇಡಿ. ಆಗ ಒಬ್ಬನೇ ಎದುರಾಳಿ, ಅವನ ಕೈಯಲ್ಲಿ ಯಾವುದೋ ಎರಡು ಎಲೆ ಅಂದುಕೊಂಡರೆ, ಅದು ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತದೆ.