ಕಾಗದಪತ್ರ ಇಲ್ಲದ ಆದಿವಾಸಿಗಳು ಕಾಡಿನ ಹಕ್ಕನ್ನು ಹೇಗೆ ತೋರಿಸಬೇಕು?

ಮುಂಬೈಯ ನಮ್ಮ ಗೋರೆಗಾಂವ್ ಪಕ್ಕದ ಆರೇ ಕಾಲನಿಯಲ್ಲಿರುವ ವಾರ್ಲಿ ಆದಿವಾಸಿಗಳ ಪಾಡಾಗಳನ್ನು (ಪುಟ್ಟ ಹಾಡಿಗಳನ್ನು) ನೋಡಿ ಈ ಪ್ರಶ್ನೆ ಕೇಳಿದ್ದೀರಿ.

ಕಾಗದವೇ ಬೇಕು ಅಂತೇನಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಗೆ 2008ರಲ್ಲಿ ಮಾಡಿದ ನಿಯಮಗಳಿವೆ. ಅವುಗಳ ಪ್ರಕಾರ ಹಿರಿಯರು ಹೇಳಿದ್ದನ್ನು ಬರೆದಿಟ್ಟರೆ ಅದೂ ಸಾಕ್ಷಿಯೇ. ಬಾವಿ, ಸ್ಮಶಾನ, ದೇವರ ಜಾಗವೂ ಅಷ್ಟೇ. ಆದರೆ ಒಂದೇ ಸಾಕ್ಷಿ ಸಾಲದು.

ಪಾಡಾದವರೇ ಸೇರಿ ಮಾಡುವ ಸಂಶೋಧನೆ ಉಪಯೋಗಕ್ಕೆ ಬರುವುದು ಇಲ್ಲೇ. ಅಜ್ಜಿಯ ಹಿಂದೆ ನಡೆದು, ಮಳೆಗಾಲದಲ್ಲಿ ಯಾವ ಸೊಪ್ಪನ್ನು ಎಲ್ಲಿ ಕೊಯ್ಯುತ್ತಾರೆ, ಸಿಂಧೂರ ಬಳಿದ ವಾಘೋಬಾ ಕಲ್ಲು ಯಾವ ಮರದ ಬುಡದಲ್ಲಿದೆ, ಎಲ್ಲ ನಕ್ಷೆಯಲ್ಲಿ ಗುರುತು ಹಾಕುತ್ತಾರೆ. (ವಾಘೋಬಾ ಅಂದರೆ ಹುಲಿ, ಚಿರತೆಯ ದೇವರು. ತುಳುನಾಡಿನವರಿಗೆ ಪಿಲಿಚಾಮುಂಡಿ ನೆನಪಾಗುತ್ತೆ ಅಲ್ವಾ?) ನಕ್ಷೆಯ ಮೂಲಪ್ರತಿ ಮಾತ್ರ ಪಾಡಾದಲ್ಲೇ ಇರಲಿ. ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಅರ್ಜಿ ಕೊಡುವಾಗ ಅದೇ ಬೇಕಾಗುತ್ತೆ.